‘ಮಾಲ್‌ವೇರ್’ ಅಂದರೆ ಮಾಲ್‌ನಿಂದ ಬರುವ ವೈರಸ್ಸೇ? ಈ ಪದ ಹುಟ್ಟಿದ ಕಥೆ ಇಲ್ಲಿದೆ

ಕೆಲವು ವಾರಗಳ ಹಿಂದೆ ಓದುಗರೊಬ್ಬರು ನಮಗೊಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿ, ‘ಇದು ನಿಜವಾ ಸರ್? ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬಂದಿದೆ’ ಎಂದು ಕೇಳಿದ್ದರು. ಸಂದೇಶದ ತಿರುಳು ಇಷ್ಟು: ಶಾಪಿಂಗ್ ಮಾಲ್‌ಗಳಲ್ಲಿ ಸಿಗುವ ಉಚಿತ ವೈಫೈ ಬಳಸಿದರೆ ಫೋನಿಗೆ ಒಂದು ಬಗೆಯ ವೈರಸ್ ಬರುತ್ತದೆ, ಮಾಲ್‌ನಿಂದ ಬರುವ ಕಾರಣಕ್ಕೇ ಅದನ್ನು ‘ಮಾಲ್‌ವೇರ್’ ಎನ್ನುತ್ತಾರೆ, ಫೋನ್ ಬಿಸಿಯಾಗಿ ಪದೇ ಪದೇ ಹ್ಯಾಂಗ್ ಆದರೆ ಮಾಲ್‌ವೇರ್ ಬಂದಿದೆ ಎಂದೇ ತಿಳಿಯಿರಿ, ಈ ಮಾಹಿತಿಯನ್ನು ನಿಮ್ಮವರಿಗೆಲ್ಲ ತಲುಪಿಸಿ.

ನಾವು ಮೊದಲು ನಕ್ಕೆವು. ಆದರೆ ಯೋಚಿಸಿದರೆ ಇದನ್ನು ಬರೆದವರ ತಪ್ಪೂ ಪೂರ್ತಿ ತಪ್ಪಲ್ಲ. ಇಂಗ್ಲಿಷಿನಲ್ಲಿ ಎರಡು ಬೇರೆ ಸ್ಪೆಲಿಂಗ್ ಇರುವ ಪದಗಳು ಕನ್ನಡ ಲಿಪಿಗೆ ಬಂದಾಗ ಒಂದೇ ‘ಮಾಲ್’ ಆಗುತ್ತವೆ. ಅದರ ಪಕ್ಕದಲ್ಲೇ ನಮ್ಮ ಹಳೆಯ ‘ಮಾಲು’ ಬೇರೆ ಕೂತಿದೆ. ಲಾರಿಯಲ್ಲಿ ಬರುವ ಮಾಲು, ಗೋಡೌನಿನಲ್ಲಿ ಇಳಿಸುವ ಮಾಲು. ಹೀಗಿರುವಾಗ ಪದದ ಅರ್ಥವನ್ನು ಊಹಿಸಿದವರು ಎತ್ತಲೋ ಹೋಗುವುದು ಸಹಜ.

ನಗು ನಿಂತಿದ್ದು ಇನ್ನೊಂದು ಕಾರಣಕ್ಕೆ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ನಮ್ಮ ತಂಡದ ಒಬ್ಬರಿಗೆ ಶಿವಮೊಗ್ಗದಿಂದ ಚಿಕ್ಕಮ್ಮ ಫೋನ್ ಮಾಡಿದ್ದರು. ನಿವೃತ್ತ ಶಿಕ್ಷಕಿ. ಬ್ಯಾಂಕ್ ಖಾತೆಯಿಂದ ಎರಡು ಸಲ ದುಡ್ಡು ಹೋಗಿದೆ, ಯಾರಿಗೂ ಓಟಿಪಿ ಹೇಳಿಲ್ಲ, ಹೇಗೆ ಹೋಯಿತೋ ಗೊತ್ತಿಲ್ಲ ಎಂದರು.

‘ಚಿಕ್ಕಮ್ಮ, ಫೋನಿಗೆ ಏನಾದರೂ ಹೊಸದು ಹಾಕಿಕೊಂಡ್ರಾ?’

‘ಇಲ್ಲ ಕಣೋ. ವೈರಸ್ ಗಿರಸ್ ಏನೂ ಬಂದಿಲ್ಲ, ಫೋನ್ ಚೆನ್ನಾಗೇ ಓಡ್ತಾ ಇದೆ. ಬಿಸಿನೂ ಆಗಿಲ್ಲ.’

‘ಯಾರಾದರೂ ಫೈಲ್ ಏನಾದರೂ ಕಳಿಸಿದ್ರಾ?’

‘ಮದುವೆ ಕಾಗದ ಒಂದು ಬಂದಿತ್ತಪ್ಪ. ಒತ್ತಿದೆ, ಓಪನ್ನೇ ಆಗಲಿಲ್ಲ. ಸುಮ್ಮನಾದೆ.’

ಮದುವೆ ಕಾಗದದ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂಬ ಮೂರು ಅಕ್ಷರ ಇತ್ತು. ಅದು ಕಾಗದವಲ್ಲ, ಆ್ಯಪ್. ಚಿಕ್ಕಮ್ಮನ ತಲೆಯಲ್ಲಿ ‘ವೈರಸ್’ ಎಂದರೆ ಫೋನನ್ನು ಕಾಯಿಲೆ ಬೀಳಿಸುವಂಥದ್ದು. ಫೋನ್ ಆರೋಗ್ಯವಾಗಿತ್ತು. ಹಾಗಾಗಿ ನಾಲ್ಕು ದಿನ ಅವರಿಗೆ ಅನುಮಾನವೇ ಬರಲಿಲ್ಲ. ಒಂದು ಪದವನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದರಿಂದ ಆದ ನಷ್ಟವಿದು. ಆದ್ದರಿಂದ ಈ ಸಲ ಪದದ ಬೆನ್ನು ಹತ್ತೋಣ ಎಂದುಕೊಂಡೆವು.

ಹಾರ್ಡ್‌ವೇರ್ ಅಂಗಡಿಯಿಂದ ಶುರು ಮಾಡೋಣ

‘ವೇರ್’ ಮೊದಲು. ನಮ್ಮ ಊರುಗಳ ಬೋರ್ಡುಗಳಲ್ಲಿ ಎರಡು ‘ವೇರ್’ ಕಾಣುತ್ತವೆ. ಬಟ್ಟೆ ಅಂಗಡಿಯ ‘ಮೆನ್ಸ್ ವೇರ್’ ಒಂದು. ಅದು ತೊಡುವುದು ಎಂಬ ಅರ್ಥದ ಬೇರೆಯೇ ಪದ. ಇನ್ನೊಂದು, ಮೊಳೆ, ನಲ್ಲಿ, ಪೈಪು, ಚಿಲಕ, ಬಣ್ಣದ ಡಬ್ಬ ಮಾರುವ ‘ಹಾರ್ಡ್‌ವೇರ್’ ಅಂಗಡಿಯದ್ದು. ಮಾಲ್‌ವೇರ್‌ನಲ್ಲಿ ಇರುವುದು ಈ ಎರಡನೆಯದು. ಹಳೆಯ ಇಂಗ್ಲಿಷಿನ ‘ವಾರು’ ಎಂಬ ಪದದಿಂದ ಬಂದದ್ದು, ಅರ್ಥ ‘ಮಾರುವ ಸರಕು’. ವೇರ್‌ಹೌಸ್ ಅಂದರೆ ಸರಕು ಇಡುವ ಮನೆ. ಸಿಲ್ವರ್‌ವೇರ್ ಅಂದರೆ ಬೆಳ್ಳಿಯ ಸಾಮಾನು. ಹಾರ್ಡ್‌ವೇರ್ ಅಂದರೆ ಗಟ್ಟಿ ಸಾಮಾನು, ಅಂದರೆ ಕಬ್ಬಿಣ, ಹಿತ್ತಾಳೆಯ ಸಾಮಾನು. ಕಂಪ್ಯೂಟರ್ ಹುಟ್ಟುವುದಕ್ಕೆ ನೂರಾರು ವರ್ಷ ಮೊದಲೇ ಇಂಗ್ಲೆಂಡಿನಲ್ಲಿ ಹಾರ್ಡ್‌ವೇರ್ ವ್ಯಾಪಾರಿಗಳಿದ್ದರು. ಕಂಪ್ಯೂಟರ್ ಬಂದಾಗ ಅದರ ತಂತಿ, ಕವಾಟ, ಲೋಹದ ಪೆಟ್ಟಿಗೆಗೆ ಆ ಹೆಸರೇ ಸಲೀಸಾಗಿ ಅಂಟಿಕೊಂಡಿತು.

ಅಂದರೆ ನಮ್ಮ ‘ಮಾಲು’ ಪದಕ್ಕೆ ಅರ್ಥದಲ್ಲಿ ಸಂಬಂಧಿ ಮಾಲ್‌ವೇರ್‌ನ ‘ಮಾಲ್’ ಅಲ್ಲ, ‘ವೇರ್’. ಅರಬ್ಬಿಯಿಂದ ಪಾರ್ಸಿ, ಹಿಂದೂಸ್ತಾನಿಯ ದಾರಿಯಲ್ಲಿ ಬಂದ ನಮ್ಮ ಮಾಲೂ ಸರಕು, ಇಂಗ್ಲಿಷಿನ ವೇರೂ ಸರಕು. ಪದಗಳು ಕೆಲವೊಮ್ಮೆ ಹೀಗೆ ಚೇಷ್ಟೆ ಮಾಡುತ್ತವೆ.

ಹಾರ್ಡ್ ಇದ್ದ ಮೇಲೆ ಸಾಫ್ಟ್ ಬರಲೇಬೇಕಲ್ಲ. ‘ಸಾಫ್ಟ್‌ವೇರ್’ ಎಂಬ ಪದ ಕಂಪ್ಯೂಟರಿಗಿಂತ ಮೊದಲು ಕಸದ ರಾಶಿಯಲ್ಲಿತ್ತು ಎಂದರೆ ನಂಬುತ್ತೀರಾ? 1850ರಲ್ಲಿ, ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಸಂಪಾದಿಸುತ್ತಿದ್ದ ‘ಹೌಸ್‌ಹೋಲ್ಡ್ ವರ್ಡ್ಸ್’ ವಾರಪತ್ರಿಕೆಯಲ್ಲಿ ಲಂಡನ್ನಿನ ಕಸದ ದಿಬ್ಬಗಳ ಬಗ್ಗೆ ಒಂದು ಬರಹ ಬಂತು. ಅಲ್ಲಿ ಕಸ ಆರಿಸುವವರು ಕೊಳೆಯುವ ಪದಾರ್ಥಕ್ಕೆ ಸಾಫ್ಟ್‌ವೇರ್ ಎಂದೂ, ಒಡೆದ ಮಡಕೆಯಂಥ ಕೊಳೆಯದ ಚೂರುಗಳಿಗೆ ಹಾರ್ಡ್‌ವೇರ್ ಎಂದೂ ಕರೆಯುತ್ತಿದ್ದರೆಂದು ಬರೆದಿದೆ. ಈಗಿನ ಭಾಷೆಯಲ್ಲಿ ಹಸಿ ಕಸ, ಒಣ ಕಸ.

ಇಂದಿನ ಅರ್ಥದಲ್ಲಿ ಈ ಪದ ಅಚ್ಚಾಗಿರುವ ಹಳೆಯ ಜಾಗಗಳಲ್ಲೊಂದು, 1958ರ ಜನವರಿಯ ‘ಅಮೆರಿಕನ್ ಮ್ಯಾಥಮ್ಯಾಟಿಕಲ್ ಮಂತ್ಲಿ’ ಪತ್ರಿಕೆಯಲ್ಲಿ ಜಾನ್ ಟ್ಯೂಕಿ ಬರೆದ ಲೇಖನ. ಟ್ಯೂಕಿ ಸಂಖ್ಯಾಶಾಸ್ತ್ರಜ್ಞ. ‘ಬಿಟ್’ ಎಂಬ ಪದ ಕೊಟ್ಟವರೂ ಅವರೇ. ಕಂಪ್ಯೂಟರಿನ ಗಟ್ಟಿ ಸಾಮಾನಿನಷ್ಟೇ ಅದಕ್ಕೆ ಕೊಡುವ ಸೂಚನೆಗಳೂ ಮುಖ್ಯ ಎನ್ನುವಾಗ ಅವರು ಸಾಫ್ಟ್‌ವೇರ್ ಎಂಬ ಮಾತು ಬಳಸಿದ್ದರು. ಅಲ್ಲಿಂದಾಚೆಗೆ ‘ವೇರ್’ ಎಂಬ ಬಾಲ ಸರಕು ಎಂಬ ಅರ್ಥ ಕಳೆದುಕೊಂಡು ‘ಒಂದು ಬಗೆಯ ಸಾಫ್ಟ್‌ವೇರ್’ ಎಂಬ ಅರ್ಥ ಪಡೆಯಿತು. 1982ರಲ್ಲಿ ಆಂಡ್ರೂ ಫ್ಲೂಗಲ್‌ಮನ್ ತಮ್ಮ ಪ್ರೋಗ್ರಾಮನ್ನು ಹಂಚುವಾಗ ‘ಫ್ರೀವೇರ್’ ಎಂದರು. ಹಿಂದೆಯೇ ‘ಶೇರ್‌ವೇರ್’ ಬಂತು. ಬಾಲ ಸಿದ್ಧವಾಗಿತ್ತು, ಯಾವ ತಲೆಯನ್ನಾದರೂ ಅಂಟಿಸಬಹುದಿತ್ತು.

ಒಂದು ಮಾತು ಸೇರಿಸಿ ಮುಂದೆ ಹೋಗುತ್ತೇವೆ. ‘ಬಿವೇರ್’, ‘ಅವೇರ್’ ಪದಗಳಲ್ಲೂ ವೇರ್ ಇದೆ, ಅಲ್ಲಿ ಅದರ ಅರ್ಥ ಎಚ್ಚರ. ಸರಕಿನ ವೇರ್ ಮತ್ತು ಎಚ್ಚರದ ವೇರ್ ಬಹಳ ಹಿಂದೆ ಒಂದೇ ಬೇರಿನಿಂದ, ಅಂದರೆ ‘ಕಾಪಾಡಿಕೊಳ್ಳಬೇಕಾದ ವಸ್ತು’ ಎಂಬ ಅರ್ಥದಿಂದ ಬಂದಿರಬಹುದು ಎಂದು ಪದಮೂಲ ಹುಡುಕುವವರು ಹೇಳುತ್ತಾರೆ. ಆದರೆ ಮಾಲ್‌ವೇರ್ ಎಂದರೆ ‘ಮಾಲ್ ಬಗ್ಗೆ ಎಚ್ಚರ’ ಎಂದು ಅರ್ಥವಲ್ಲ!

ಮೂರು ಮಾಲ್‌ಗಳು

ಈಗ ‘ಮಾಲ್’. ಶಾಪಿಂಗ್ ಮಾಲ್‌ನ ಮೂಲ ಒಂದು ಆಟ. ಇಟಲಿಯಲ್ಲಿ ಮರದ ಸುತ್ತಿಗೆಯಿಂದ ಚೆಂಡು ಹೊಡೆಯುವ ಆಟವಿತ್ತು, ಸುತ್ತಿಗೆಗೆ ಅಲ್ಲಿ ‘ಮಾಲ್ಯೊ’ ಎನ್ನುತ್ತಾರೆ. ಆ ಆಟ ಲಂಡನ್ನಿಗೆ ಹೋಯಿತು. ಆಟ ಆಡುತ್ತಿದ್ದ ಸಾಲುಮರದ ಹಾದಿಗೆ ‘ದಿ ಮಾಲ್’ ಎಂದು ಹೆಸರಾಯಿತು. ಆಮೇಲೆ ಅಡ್ಡಾಡುವ ಜಾಗಗಳಿಗೆಲ್ಲ ಅದೇ ಹೆಸರು ಬಂದು, ಕೊನೆಗೆ ಅಂಗಡಿಗಳ ನಡುವೆ ಅಡ್ಡಾಡುವ ಕಟ್ಟಡಕ್ಕೂ ಬಂತು. ಹಾಗೆ ನೋಡಿದರೆ ಶಾಪಿಂಗ್ ಮಾಲ್‌ನ ಪೂರ್ವಜ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ.

ಮಾಲ್‌ವೇರ್‌ನ ಮಾಲ್ ಬೇರೆ. ಲ್ಯಾಟಿನ್ ಭಾಷೆಯ ‘ಮಾಲುಸ್’, ಅಂದರೆ ಕೆಟ್ಟ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಈ ತುಂಡು ನಮಗೆಲ್ಲ ಚೆನ್ನಾಗಿ ಪರಿಚಯ. ಪೌಷ್ಟಿಕತೆ ಕೆಟ್ಟರೆ ಮಾಲ್‌ನ್ಯೂಟ್ರಿಷನ್. ಕೋರ್ಟಿನ ಸುದ್ದಿಗಳಲ್ಲಿ ‘ಮಾಲಾಫೈಡ್’ ಎಂದರೆ ಕೆಟ್ಟ ಉದ್ದೇಶದಿಂದ ಮಾಡಿದ್ದು. ಎಲ್ಲರಿಗೂ ಗೊತ್ತಿರುವ ಮಲೇರಿಯಾ ಕೂಡ ಇಟಲಿಯ ‘ಮಾಲಾ ಆರಿಯಾ’, ಕೆಟ್ಟ ಗಾಳಿ. ಜೌಗು ಪ್ರದೇಶದ ಕೆಟ್ಟ ಗಾಳಿಯಿಂದ ಈ ಜ್ವರ ಬರುತ್ತದೆಂದು ಜನ ನಂಬಿದ್ದರು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡರು. ಗಾಳಿಯ ತಪ್ಪಿಲ್ಲ ಎಂದು ಗೊತ್ತಾದರೂ ಹೆಸರು ಬದಲಾಗಲಿಲ್ಲ. ತಪ್ಪು ಹೆಸರಿನಿಂದ ತಪ್ಪು ಎಚ್ಚರಿಕೆ ಹುಟ್ಟುತ್ತದೆ. ಗಾಳಿಗೆ ಕಿಟಕಿ ಮುಚ್ಚಿಕೊಂಡವರು ನಿಂತ ನೀರನ್ನು ಹಾಗೆಯೇ ಬಿಟ್ಟಿದ್ದರು. ನಮ್ಮ ಚಿಕ್ಕಮ್ಮ ಫೋನಿನ ಬಿಸಿ ನೋಡಿಕೊಂಡು ಸುಮ್ಮನಿದ್ದ ಹಾಗೆ.

ಇಲ್ಲೊಂದು ಸೂಕ್ಷ್ಮವಿದೆ, ಫಾರ್ವರ್ಡ್ ಕಳಿಸುವವರು ಗಮನಿಸಬೇಕಾದದ್ದು ಇದೇ. ಇಂಗ್ಲಿಷಿನಲ್ಲಿ ‘ಮಾಲ್’ ಎರಡು ಕೆಲಸ ಮಾಡುತ್ತದೆ. ಮಾಲ್‌ಫಂಕ್ಷನ್ ಎಂದರೆ ಕೆಟ್ಟು ನಿಂತಿದೆ ಎಂದಷ್ಟೇ ಅರ್ಥ, ಅಲ್ಲಿ ಯಾರ ಸಂಚೂ ಇಲ್ಲ. ‘ಮಲಿಷಸ್’ ಎಂದರೆ ಹಾಗಲ್ಲ, ಕೇಡು ಬಯಸುವ ಮನಸ್ಸು ಇದೆ ಎಂದರ್ಥ. ಮಾಲ್‌ವೇರ್ ಎಂಬುದು ‘ಮಲಿಷಸ್ ಸಾಫ್ಟ್‌ವೇರ್’ ಎಂಬ ಎರಡು ಪದಗಳ ತಲೆ ಮತ್ತು ಬಾಲ ಕತ್ತರಿಸಿ ಹೊಲಿದ ಪದ. ಆದ್ದರಿಂದ ಕೆಟ್ಟುಹೋದ ಸಾಫ್ಟ್‌ವೇರ್ ಮಾಲ್‌ವೇರ್ ಅಲ್ಲ. ಅಪ್‌ಡೇಟ್ ಆದ ಮೇಲೆ ಹ್ಯಾಂಗ್ ಆಗುವ ಆ್ಯಪ್, ಎರಡು ಸಲ ದುಡ್ಡು ಕತ್ತರಿಸಿಕೊಂಡ ಟಿಕೆಟ್ ಆ್ಯಪ್, ಇವು ಕೆಟ್ಟದಾಗಿ ಬರೆದವು. ಮಾಲ್‌ವೇರ್ ಬಹಳ ಚೆನ್ನಾಗಿ ಬರೆದದ್ದೂ ಆಗಿರಬಹುದು. ಅದು ನಿಮ್ಮ ಫೋನನ್ನು ಒಂದಿಷ್ಟೂ ನಿಧಾನ ಮಾಡದೆ ತನ್ನ ಕೆಲಸ ಮುಗಿಸಬಹುದು. ಅದನ್ನು ಗುರುತಿಸುವುದು ಉದ್ದೇಶದಿಂದ, ಫೋನಿನ ಲಕ್ಷಣದಿಂದಲ್ಲ.

1990ರಲ್ಲಿ ಜೆರುಸಲೇಮಿನಲ್ಲಿ

ಈ ಪದಕ್ಕೆ ಹುಟ್ಟಿದ ವರ್ಷ ಇದೆ, ಕೊಟ್ಟವರ ಹೆಸರೂ ಇದೆ. ಅದು ಅಪರೂಪ. ಆದರೆ ಅದಕ್ಕೂ ಮೊದಲು ಪರಿಸ್ಥಿತಿ ಹೇಗಿತ್ತೆಂದು ನೋಡಬೇಕು.

1982ರಲ್ಲಿ ಅಮೆರಿಕದ ರಿಚ್ ಸ್ಕ್ರೆಂಟಾ ಎಂಬ 15 ವರ್ಷದ ಹುಡುಗ ಗೆಳೆಯರನ್ನು ಗೋಳು ಹೊಯ್ದುಕೊಳ್ಳಲು ‘ಎಲ್ಕ್ ಕ್ಲೋನರ್’ ಎಂಬ ಪ್ರೋಗ್ರಾಮ್ ಬರೆದ. ಫ್ಲಾಪಿಯಿಂದ ಫ್ಲಾಪಿಗೆ ಹರಡುತ್ತಿದ್ದ ಅದು 50ನೇ ಸಲ ಆ ಫ್ಲಾಪಿಯಿಂದ ಕಂಪ್ಯೂಟರ್ ಶುರು ಮಾಡಿದಾಗ ಪರದೆಯ ಮೇಲೆ ಒಂದು ಪದ್ಯ ತೋರಿಸುತ್ತಿತ್ತು. ಅದು ಓಡುತ್ತಿದ್ದದ್ದು ಆ್ಯಪಲ್ ಕಂಪ್ಯೂಟರಿನಲ್ಲಿ. ‘ಆ್ಯಪಲ್‌ಗೆ ವೈರಸ್ ಬರುವುದೇ ಇಲ್ಲ’ ಎಂಬ ಫಾರ್ವರ್ಡ್ ಬಂದಾಗ ಇದನ್ನು ನೆನಪಿಟ್ಟುಕೊಳ್ಳಬಹುದು. ಆಗ ಇದನ್ನು ವೈರಸ್ ಎಂದು ಕರೆಯುವ ರೂಢಿ ಇರಲಿಲ್ಲ. 1983ರ ನವೆಂಬರಿನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಫ್ರೆಡ್ ಕೋಹೆನ್ ತನ್ನನ್ನೇ ನಕಲು ಮಾಡಿಕೊಳ್ಳುವ ಒಂದು ಪ್ರೋಗ್ರಾಮನ್ನು ತರಗತಿಯಲ್ಲಿ ತೋರಿಸಿದರು. ಅದಕ್ಕೆ ‘ವೈರಸ್’ ಎಂದು ಹೆಸರಿಡಿ ಎಂದವರು ಅವರ ಗುರು ಲೆನಾರ್ಡ್ ಆಡಲ್‌ಮನ್. ಲ್ಯಾಟಿನ್ನಿನಲ್ಲಿ ವೈರಸ್ ಎಂದರೆ ವಿಷ. ಕೋಹೆನ್ ಕೊಟ್ಟ ಅರ್ಥ ಮಾತ್ರ ಬಹಳ ಖಚಿತ: ಬೇರೆ ಪ್ರೋಗ್ರಾಮಿನೊಳಗೆ ತನ್ನ ನಕಲನ್ನು ಸೇರಿಸಿಕೊಂಡು ಹರಡುವಂಥದ್ದು. ಹರಡುವುದೇ ಅದರ ಗುಣ, ಹಾಳು ಮಾಡುವುದಲ್ಲ.

1986ರಲ್ಲಿ ನಮ್ಮ ನೆರೆಯ ಲಾಹೋರಿನಿಂದ ‘ಬ್ರೇನ್’ ಬಂತು. ಅದನ್ನು ಬರೆದ ಅಣ್ಣತಮ್ಮಂದಿರಾದ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಆಲ್ವಿ ಅದರೊಳಗೆ ತಮ್ಮ ಅಂಗಡಿಯ ವಿಳಾಸ, ಫೋನ್ ನಂಬರ್ ಎಲ್ಲ ಹಾಕಿದ್ದರು! ಈಗಿನ ಕಳ್ಳರಿಂದ ಅಷ್ಟು ಸೌಜನ್ಯ ನಿರೀಕ್ಷಿಸುವಂತಿಲ್ಲ.

1987ರ ಕೊನೆಗೆ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಕಂಪ್ಯೂಟರುಗಳಲ್ಲಿ ಒಂದು ವೈರಸ್ ಸಿಕ್ಕಿತು. ತಿಂಗಳ 13ನೇ ತಾರೀಖು ಶುಕ್ರವಾರ ಬಂದರೆ, ಆ ದಿನ ಓಡಿಸಿದ ಪ್ರೋಗ್ರಾಮುಗಳನ್ನೆಲ್ಲ ಅಳಿಸಿಹಾಕುವ ಹಾಗೆ ಅದನ್ನು ಬರೆಯಲಾಗಿತ್ತು. ಮುಂದಿನ ಅಂಥ ಶುಕ್ರವಾರ 1988ರ ಮೇ ತಿಂಗಳಲ್ಲಿತ್ತು. ಅದಕ್ಕೆ ಮೊದಲೇ ಅದು ಸಿಕ್ಕಿಬಿದ್ದ ಕಾರಣ ತಮಾಷೆಯಾಗಿದೆ. ಬರೆದವನ ಕೈತಪ್ಪಿನಿಂದ ಅದು ಒಂದೇ ಪ್ರೋಗ್ರಾಮಿನೊಳಗೆ ಮತ್ತೆ ಮತ್ತೆ ಸೇರಿಕೊಳ್ಳುತ್ತಿತ್ತು. ಫೈಲುಗಳು ದಿನದಿನಕ್ಕೆ ಊದಿಕೊಂಡವು, ಜನರ ಕಣ್ಣಿಗೆ ಬಿತ್ತು. ಕೇಡಿನ ಸಾಫ್ಟ್‌ವೇರು ಕೆಟ್ಟ ಸಾಫ್ಟ್‌ವೇರೂ ಆಗಿದ್ದರಿಂದ ಅನೇಕರು ಬಚಾವಾದರು.

ಆ ವೈರಸ್ಸನ್ನು ಬಿಡಿಸಿ ನೋಡಿ ಜಗತ್ತಿಗೆ ವಿವರಿಸಿದವರಲ್ಲಿ ಅದೇ ವಿಶ್ವವಿದ್ಯಾಲಯದ ಯಿಸ್ರಾಯೇಲ್ ರಡಾಯ್ ಒಬ್ಬರು. ಅವರ ಹೆಸರು ನೆನಪಿಟ್ಟುಕೊಳ್ಳಿ.

1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ಪ್ರೋಗ್ರಾಮ್ ಆಗಿನ ಪುಟ್ಟ ಇಂಟರ್ನೆಟ್ಟಿನ ಸುಮಾರು 6,000 ಕಂಪ್ಯೂಟರುಗಳಿಗೆ ತಟ್ಟಿತೆಂದು ಅಂದಾಜಿಸಲಾಯಿತು. ಅದು ಬೇರೆ ಪ್ರೋಗ್ರಾಮಿನೊಳಗೆ ಕೂರುತ್ತಿರಲಿಲ್ಲ, ತಾನೇ ನೆಟ್‌ವರ್ಕಿನಲ್ಲಿ ತೆವಳುತ್ತಿತ್ತು. ಹಾಗಾಗಿ ಅದು ವೈರಸ್ ಅಲ್ಲ, ‘ವರ್ಮ್’, ಹುಳು.

1989ರ ಡಿಸೆಂಬರಿನಲ್ಲಿ ಇನ್ನೊಂದು. ಜೋಸೆಫ್ ಪಾಪ್ ಎಂಬ ಜೀವವಿಜ್ಞಾನಿ ಏಡ್ಸ್ ಮಾಹಿತಿಯ ಫ್ಲಾಪಿ ಎಂದು ಹೇಳಿ ಸುಮಾರು 20,000 ಫ್ಲಾಪಿಗಳನ್ನು ಅಂಚೆಯಲ್ಲಿ ಕಳಿಸಿದ. ಪಡೆದವರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಏಡ್ಸ್ ಸಮ್ಮೇಳನಕ್ಕೆ ಬಂದಿದ್ದವರೂ ಇದ್ದರು. ಹಾಕಿಕೊಂಡವರ ಕಂಪ್ಯೂಟರ್ ಸುಮಾರು 90 ಸಲ ಶುರುವಾಗುವ ತನಕ ಏನೂ ಆಗುತ್ತಿರಲಿಲ್ಲ. ಆಮೇಲೆ ಫೈಲುಗಳ ಹೆಸರುಗಳೆಲ್ಲ ಗೂಢಲಿಪಿಗೆ ತಿರುಗುತ್ತಿದ್ದವು. ಪನಾಮಾದ ಒಂದು ಅಂಚೆ ಪೆಟ್ಟಿಗೆಗೆ 189 ಡಾಲರ್ ಕಳಿಸಿ ಎಂಬ ಬೇಡಿಕೆ ಪರದೆಯ ಮೇಲೆ ಬರುತ್ತಿತ್ತು. ಇದು ಹರಡುವುದೂ ಇಲ್ಲ, ತೆವಳುವುದೂ ಇಲ್ಲ. ಉಪಕಾರಿಯ ವೇಷದಲ್ಲಿ ಬಂದು, ನಾವೇ ಬಾಗಿಲು ತೆರೆದು ಒಳಗೆ ಕರೆದುಕೊಂಡದ್ದು. ಗ್ರೀಕರ ಕಥೆಯ ಮರದ ಕುದುರೆಯ ನೆನಪಿನಲ್ಲಿ ಇಂಥವನ್ನು ‘ಟ್ರೋಜನ್’ ಎನ್ನುತ್ತಾರೆ. ಈ ಹೆಸರು 1970ರ ದಶಕದ ಆರಂಭದಿಂದಲೇ ಭದ್ರತಾ ತಜ್ಞರ ಬಾಯಲ್ಲಿತ್ತು.

ಅಂದರೆ 1990ರ ಹೊತ್ತಿಗೆ ವೈರಸ್, ವರ್ಮ್, ಟ್ರೋಜನ್ ಎಂಬ ಮೂರು ಬೇರೆ ಬೇರೆ ಜಾತಿಗಳಿದ್ದವು. ಮೂರನ್ನೂ ಸೇರಿಸಿ ಹೇಳುವ ಒಂದು ಪದ ಇರಲಿಲ್ಲ. ಪತ್ರಿಕೆಗಳು ಎಲ್ಲವನ್ನೂ ವೈರಸ್ ಎನ್ನುತ್ತಿದ್ದವು, ತಜ್ಞರು ಹಲ್ಲು ಕಚ್ಚುತ್ತಿದ್ದರು. ಆಗ ವೈರಸ್ ಕುರಿತ ಮಾತುಕತೆಗೆಂದೇ ಇಮೇಲ್ ಮೂಲಕ ಓಡಾಡುತ್ತಿದ್ದ ‘ವೈರಸ್-ಎಲ್’ ಎಂಬ ಪತ್ರವ್ಯವಹಾರವಿತ್ತು. 1990ರ ಜುಲೈನಲ್ಲಿ ಅಲ್ಲಿ ಬರೆಯುತ್ತಾ ರಡಾಯ್ ‘ಮಾಲ್‌ವೇರ್’ ಎಂಬ ಪದ ಬಳಸಿದರು. ಟ್ರೋಜನ್, ವೈರಸ್, ವರ್ಮ್ ಮುಂತಾದವಕ್ಕೆಲ್ಲ ಸೇರಿ ಇದು ತಾವು ಆಗಷ್ಟೇ ಕಟ್ಟಿದ ಪದವೆಂದು ಆವರಣದಲ್ಲಿ ಹೇಳಿಕೊಂಡರು. ಅಷ್ಟೇ. ಘೋಷಣೆಯಿಲ್ಲ, ಸಮಾರಂಭವಿಲ್ಲ. ನಡುವೆ ಬಂದ ಒಂದು ಆವರಣದ ಮಾತು ಇಂದು ಜಗತ್ತಿನ ನಿಘಂಟುಗಳಲ್ಲಿದೆ.

ಪದ ತಕ್ಷಣ ಓಡಲಿಲ್ಲ. ಮಾರುಕಟ್ಟೆಯಲ್ಲಿ ‘ಆ್ಯಂಟಿವೈರಸ್’ ಎಂಬ ಹೆಸರು ಬೇರೂರಿಬಿಟ್ಟಿತ್ತು. ಇಂದಿಗೂ ಅಂಗಡಿಯಲ್ಲಿ ಆ್ಯಂಟಿವೈರಸ್ ಎಂದೇ ಕೇಳುತ್ತೇವೆ, ಅದು ಹಿಡಿಯುವುದರಲ್ಲಿ ಕೋಹೆನ್ ಹೇಳಿದ ಅರ್ಥದ ವೈರಸ್ಸುಗಳು ಸ್ವಲ್ಪವೇ ಇದ್ದರೂ.

ಮಕ್ಕಳು, ಮೊಮ್ಮಕ್ಕಳು

ಮಾಲ್‌ವೇರ್ ನಿಂತ ಮೇಲೆ ಅದೇ ಅಚ್ಚಿನಲ್ಲಿ ಇನ್ನಷ್ಟು ಬಂದವು. ಕದ್ದು ನೋಡುವುದು ಸ್ಪೈವೇರ್. ಜಾಹೀರಾತು ಸುರಿಯುವುದು ಆ್ಯಡ್‌ವೇರ್. ‘ನಿಮ್ಮ ಫೋನಿನಲ್ಲಿ 13 ವೈರಸ್ ಇವೆ, ಈಗಲೇ ಕ್ಲೀನ್ ಮಾಡಿ’ ಎಂದು ಬ್ರೌಸರಿನಲ್ಲಿ ಕೆಂಪು ಪರದೆ ಬರುತ್ತದಲ್ಲ, ಅದು ಸ್ಕೇರ್‌ವೇರ್, ಹೆದರಿಸಿ ಮಾರುವ ಸರಕು. ಒಂದು ವೆಬ್ ಪುಟ ನಿಮ್ಮ ಫೋನಿನೊಳಗಿನ ವೈರಸ್ ಎಣಿಸಿ ಹೇಳಲಾರದು. ಆ ಪುಟ ಮುಚ್ಚಿದರೆ ಸಾಕು.

ರ‍್ಯಾನ್ಸಮ್‌ವೇರ್‌ನ ಕಥೆ ಸ್ವಲ್ಪ ಬೇರೆ. ಪಾಪ್ ಕಳಿಸಿದ ಫ್ಲಾಪಿಯೇ ಅದರ ಮೊದಲ ಉದಾಹರಣೆ ಎನ್ನುತ್ತಾರೆ, ಹೆಸರು ಬಂದದ್ದು ಎಷ್ಟೋ ವರ್ಷಗಳ ನಂತರ. 2017ರ ಮೇ 12ರಿಂದ ಹರಡಿದ ‘ವಾನಾಕ್ರೈ’ ಸುಮಾರು 150 ದೇಶಗಳನ್ನು ತಟ್ಟಿದಾಗ ಈ ಪದ ಮನೆಮಾತಾಯಿತು. ರ‍್ಯಾನ್ಸಮ್ ಎಂದರೆ ಒತ್ತೆಹಣ. ಹಳೆಯ ಫ್ರೆಂಚಿನ ದಾರಿಯಲ್ಲಿ ಬಂದ ಇದರ ಲ್ಯಾಟಿನ್ ಮೂಲವೂ, ‘ರಿವಾರ್ಡ್ ಪಾಯಿಂಟ್ ರಿಡೀಮ್ ಮಾಡಿ’ ಎನ್ನುವ ಸಂದೇಶದ ‘ರಿಡೀಮ್’ ಪದದ ಮೂಲವೂ ಒಂದೇ: ದುಡ್ಡು ಕೊಟ್ಟು ಬಿಡಿಸಿಕೊಳ್ಳುವುದು. ಬ್ಯಾಂಕಿನ ಹೆಸರಿನಲ್ಲಿ ಬರುವ ರಿವಾರ್ಡ್ ಪಾಯಿಂಟ್ ಎಪಿಕೆಗಳನ್ನು ನೋಡಿದಾಗಲೆಲ್ಲ ನಮಗೆ ಈ ನೆಂಟಸ್ತಿಕೆ ನೆನಪಾಗುತ್ತದೆ.

ಕನ್ನಡದಲ್ಲಿ ಏನೆನ್ನುತ್ತಾರೆ?

ಸಾಫ್ಟ್‌ವೇರ್‌ಗೆ ತಂತ್ರಾಂಶ, ಹಾರ್ಡ್‌ವೇರ್‌ಗೆ ಯಂತ್ರಾಂಶ ಎಂಬ ಪದಗಳು ಕನ್ನಡದಲ್ಲಿ ಚಾಲ್ತಿಯಲ್ಲಿವೆ. ಮಾಲ್‌ವೇರ್‌ಗೆ ಪತ್ರಿಕೆಗಳಲ್ಲಿ, ತಂತ್ರಜ್ಞಾನದ ಬರಹಗಳಲ್ಲಿ ‘ಕುತಂತ್ರಾಂಶ’ ಎಂಬ ಪದ ಕಾಣುತ್ತದೆ. ನಮ್ಮ ಮಟ್ಟಿಗೆ ಇದು ಇಂಗ್ಲಿಷಿನದಕ್ಕಿಂತ ಒಂದು ಕೈ ಮೇಲು. ಯಾಕೆಂದರೆ ಇದನ್ನು ಎರಡು ಕಡೆ ಬಿಡಿಸಬಹುದು. ‘ಕು’ ಮತ್ತು ‘ತಂತ್ರಾಂಶ’ ಎಂದು ಬಿಡಿಸಿದರೆ ಕೆಟ್ಟ ಸಾಫ್ಟ್‌ವೇರ್. ‘ಕುತಂತ್ರ’ ಮತ್ತು ‘ಅಂಶ’ ಎಂದು ಬಿಡಿಸಿದರೆ ಸಂಚು ಇರುವಂಥದ್ದು. ಕುರೂಪ ಎಂದಾಗ ಉದ್ದೇಶದ ಮಾತಿಲ್ಲ, ಆದರೆ ಕುತಂತ್ರ ಎಂದ ಕೂಡಲೇ ಅದನ್ನು ಮಾಡುತ್ತಿರುವ ಒಬ್ಬ ಮನುಷ್ಯ ಕಣ್ಣಮುಂದೆ ಬರುತ್ತಾನೆ. ಸರ್ಕಾರಿ ಪ್ರಕಟಣೆಗಳ ‘ದುರುದ್ದೇಶಪೂರಿತ ತಂತ್ರಾಂಶ’ವೂ ಅರ್ಥದಲ್ಲಿ ಸರಿಯೇ, ಆದರೆ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಖಾತೆ ಖಾಲಿಯಾಗಿರುತ್ತದೆ.

ಹಾಗಾದರೆ ಆ ಫಾರ್ವರ್ಡ್?

ಮಾಲ್‌ವೇರ್‌ಗೂ ಶಾಪಿಂಗ್ ಮಾಲ್‌ಗೂ ಸಂಬಂಧವಿಲ್ಲ. ಸಾರ್ವಜನಿಕ ವೈಫೈಗೆ ಸೇರಿದ ಮಾತ್ರಕ್ಕೆ ಸಾಮಾನ್ಯವಾಗಿ ಫೋನಿಗೆ ಮಾಲ್‌ವೇರ್ ಬರುವುದಿಲ್ಲ. ವೈಫೈ ಬೇಕಾದರೆ ಈ ಆ್ಯಪ್ ಹಾಕಿಕೊಳ್ಳಿ ಎಂದು ಯಾವುದಾದರೂ ಪುಟ ಕೇಳಿದರೆ ಅಲ್ಲಿ ಅನುಮಾನಪಡಿ. ಫೋನ್ ಬಿಸಿಯಾಗುವುದಕ್ಕೆ ಬಿಸಿಲು, ಗೇಮ್, ಹಳೆಯ ಬ್ಯಾಟರಿ, ಚಾರ್ಜಿಗೆ ಹಾಕಿಕೊಂಡು ವಿಡಿಯೋ ನೋಡುವುದು, ಹೀಗೆ ಎಷ್ಟೋ ಕಾರಣ. ಬಿಸಿಯಾಗದಿರುವುದೂ ಸುರಕ್ಷತೆಯ ಪುರಾವೆಯಲ್ಲ.

‘ಈ ವಿಡಿಯೋ ತೆರೆದರೆ ಫೋನ್ ಫಾರ್ಮ್ಯಾಟ್ ಆಗುತ್ತದೆ’ ಎಂಬ ಫಾರ್ವರ್ಡುಗಳದ್ದು ಇನ್ನೊಂದು ಪರಂಪರೆ. ‘ಮಾರ್ಟಿನೆಲ್ಲಿ’ ವಿಡಿಯೋ ಎಂಬ ಎಚ್ಚರಿಕೆ ಸುಳ್ಳು ಎಂದು ಸ್ಪೇನ್ ಪೊಲೀಸರು 2017ರಲ್ಲೇ ಹೇಳಿದ್ದರು. ಅದು ಇನ್ನೂ ಓಡುತ್ತಿದೆ. ಇದರ ಅಜ್ಜ 1994ರ ‘ಗುಡ್ ಟೈಮ್ಸ್’. ಆ ಹೆಸರಿನ ಇಮೇಲ್ ತೆರೆದರೆ ಕಂಪ್ಯೂಟರ್ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆಯನ್ನು ಜನ ಒಬ್ಬರಿಗೊಬ್ಬರು ಕಳಿಸಿದರು. ಅಂಥ ವೈರಸ್ ಇರಲೇ ಇಲ್ಲ. ಕೋಹೆನ್ ಕೊಟ್ಟ ಅರ್ಥವನ್ನು ತುಸು ಹಿಗ್ಗಿಸಿದರೆ, ನಕಲಾಗುತ್ತಾ ಹರಡಿದ್ದು ಆ ಎಚ್ಚರಿಕೆಯೇ.

ಏನನ್ನೂ ಒತ್ತದೆಯೂ ಫೋನಿನೊಳಗೆ ನುಗ್ಗುವ ಸ್ಪೈವೇರ್ ಇಲ್ಲವೆಂದಲ್ಲ. 2019ರಲ್ಲಿ ವಾಟ್ಸಾಪ್ ಕರೆಯ ಒಂದು ದೋಷವನ್ನು ಬಳಸಿ ಹಾಗೆ ಮಾಡಿದ್ದು ಬಯಲಾಗಿ, ಆ ದೋಷವನ್ನು ಅಪ್‌ಡೇಟ್ ಮೂಲಕ ಮುಚ್ಚಲಾಯಿತು. ಅಪ್‌ಡೇಟ್ ಮುಂದೂಡಬೇಡಿ ಎನ್ನುವುದು ಇದಕ್ಕೇ. ಆದರೆ ಅಂಥ ದುಬಾರಿ ಅಸ್ತ್ರವನ್ನು ಆಯ್ದ ಕೆಲವರ ಮೇಲೆ ಬಳಸುತ್ತಾರೆ. ನಮ್ಮ ನಿಮ್ಮಂಥವರಿಗೆ ಬರುವುದು ಮದುವೆ ಕಾಗದ, ಟ್ರಾಫಿಕ್ ದಂಡದ ಚಲನ್, ಕರೆಂಟ್ ಬಿಲ್ ಹೆಸರಿನ ಎಪಿಕೆ. 1989ರ ಫ್ಲಾಪಿಯ ಹಾಗೇ ಇವೆಲ್ಲ ಟ್ರೋಜನ್‌ಗಳು, ನಾವು ಒತ್ತಿದರೆ ಮಾತ್ರ ಒಳಗೆ ಬರುತ್ತವೆ. ನಿಜವಾದ ಕಾಗದ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಇರುತ್ತದೆ. ‘ಅಪರಿಚಿತ ಮೂಲದ ಆ್ಯಪ್ ಇನ್‌ಸ್ಟಾಲ್ ಮಾಡಲು ಅನುಮತಿ ಕೊಡಿ’ ಎಂದು ಅದು ಕೇಳುವುದಿಲ್ಲ. ಎಸ್ಸೆಮ್ಮೆಸ್ ಓದಲು ಅನುಮತಿ ಬೇಕು ಎಂದೂ ಕೇಳುವುದಿಲ್ಲ. ಚಿಕ್ಕಮ್ಮನ ಫೋನಿನಲ್ಲಿ ಆಗಿದ್ದು ಅದೇ. ‘ಓಪನ್ನೇ ಆಗಲಿಲ್ಲ’ ಎಂದು ಅವರು ಅಂದುಕೊಂಡ ಕ್ಷಣದಲ್ಲಿ ಅದು ತನ್ನ ಐಕಾನ್ ಅಡಗಿಸಿಕೊಂಡು ಒಳಗೆ ಕೂತಿತ್ತು. ಬಂದ ಓಟಿಪಿಗಳನ್ನು ಓದಿ ಬೇರೆ ಕಡೆಗೆ ದಾಟಿಸುತ್ತಿತ್ತು. ಅವರು ಯಾರಿಗೂ ಓಟಿಪಿ ಹೇಳಿರಲಿಲ್ಲ ಎನ್ನುವುದು ನೂರಕ್ಕೆ ನೂರು ನಿಜ.

ಇಂಥದ್ದನ್ನು ಒತ್ತಿಬಿಟ್ಟಿದ್ದರೆ ಮೊದಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಕೂಡ ಆಫ್ ಮಾಡಿ. ಬೇರೆಯವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ ತಡೆಹಿಡಿಸಿ. ದುಡ್ಡು ಹೋಗಿದ್ದರೆ 1930ಕ್ಕೆ ತಡಮಾಡದೆ ಕರೆ ಮಾಡಿ, ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲು ದೂರು ದಾಖಲಾದರೆ ತಡೆಯುವ ಅವಕಾಶ ಹೆಚ್ಚು. ಆಮೇಲೆ ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಲ್ಲಿ ನೀವು ಹಾಕದ ಹೆಸರು ಇದೆಯೇ ನೋಡಿ ತೆಗೆಯಿರಿ, ಹೋಗದಿದ್ದರೆ ಫ್ಯಾಕ್ಟರಿ ರಿಸೆಟ್ ಮಾಡಿಸಿ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಮಾಲ್‌ವೇರ್ ತೆಗೆಯುವ ಉಚಿತ ಸಾಧನಗಳೂ ಸಿಗುತ್ತವೆ.

ಚಿಕ್ಕಮ್ಮನ ದೂರು ದಾಖಲಾಗಿದೆ, ದುಡ್ಡು ಇನ್ನೂ ಬಂದಿಲ್ಲ. ಮಾಲ್‌ವೇರ್ ಎಂದರೇನು ಎಂದು ನಮ್ಮವರು ಫೋನಿನಲ್ಲಿ ವಿವರಿಸುವಾಗ ಅವರು ಕೇಳಿದ ಮೊದಲ ಪ್ರಶ್ನೆ, ‘ಕನ್ನಡದಲ್ಲಿ ಅದಕ್ಕೆ ಏನಂತಾರೆ?’ ಕುತಂತ್ರಾಂಶ ಎಂದಾಗ ಒಂದು ಕ್ಷಣ ಸುಮ್ಮನಿದ್ದು, ‘ಸರಿಯಾಗಿದೆ’ ಎಂದರಂತೆ. ಅಂದು ಸಂಜೆಯೇ ನಿವೃತ್ತ ಶಿಕ್ಷಕರ ಗ್ರೂಪಿನಲ್ಲಿ ಆ ಮದುವೆ ಕಾಗದದ ಸ್ಕ್ರೀನ್‌ಶಾಟ್ ಹಾಕಿ, ಕೆಳಗೆ ಆ ಒಂದು ಪದ ಬರೆದಿದ್ದರು. ಅವರಿಗಿಂತ ಮೊದಲೇ ಅದನ್ನು ಒತ್ತಿದ್ದ ಇಬ್ಬರು ಆ ಗ್ರೂಪಿನಲ್ಲಿದ್ದರು.